ಕನ್ನಡ ಬೈಬಲನ್ನು ಮೊದಲ ಬಾರಿ ಓದುವವರಿಗೆ: ಯಾವ ಪುಟದಿಂದ ಆರಂಭಿಸಬೇಕು, ಎಲ್ಲಿ ಎಡವುತ್ತೀರಿ

ಹಲವು ವರ್ಷಗಳ ಹಿಂದೆ ಪರಿಚಯದ ಶಿಕ್ಷಕಿಯೊಬ್ಬರು ಬೈಬಲನ್ನು ಒಮ್ಮೆ ಓದಿ ನೋಡಬೇಕೆಂದು ಕೇಳಿದಾಗ, ನಾನು ಪೂರ್ಣ ಪ್ರತಿಯೊಂದನ್ನು ಕೈಗಿತ್ತು “ಮೊದಲಿನಿಂದ ಓದಿ” ಎಂದಷ್ಟೇ ಹೇಳಿ ಕಳುಹಿಸಿದ್ದೆ. ನಾಲ್ಕು ತಿಂಗಳಾದ ಮೇಲೆ ಪುಸ್ತಕ ಮರಳಿ ಬಂತು. ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಒಳಗೇ ಉಳಿದಿತ್ತು. ತೆರೆದರೆ ಬೈಬಲಿನ ಎರಡನೆಯ ಪುಸ್ತಕವಾದ ವಿಮೋಚನಕಾಂಡದ 26ನೆಯ ಅಧ್ಯಾಯ. ದೇವದರ್ಶನದ ಗುಡಾರಕ್ಕೆ ಹತ್ತು ಪರದೆಗಳು, ಒಂದೊಂದೂ 28 ಮೊಳ ಉದ್ದ, 4 ಮೊಳ ಅಗಲ ಎಂದು ಆರಂಭವಾಗುವ ಪುಟ ಅದು. ಅಲ್ಲಿಂದ ಮುಂದೆ ಅವರು ಹೋಗಿರಲಿಲ್ಲ, ಹೋಗದಿದ್ದುದು ಅವರ ತಪ್ಪೂ ಆಗಿರಲಿಲ್ಲ.

ಆಮೇಲೆ ವಿಚಾರಿಸಿದವರಲ್ಲಿ ಬಹುಮಂದಿ ಇದೇ ಆಸುಪಾಸಿನಲ್ಲಿ ನಿಂತಿದ್ದರು. ಆದಿಕಾಂಡದ ಐವತ್ತು ಅಧ್ಯಾಯಗಳು ಕಥೆಯಾಗಿ ಸಾಗುತ್ತವೆ, ವಿಮೋಚನಕಾಂಡದ ಮೊದಲ ಇಪ್ಪತ್ತು ಅಧ್ಯಾಯಗಳೂ ಹಾಗೆಯೇ. 25ರಿಂದ ಅಳತೆಗಳು ಶುರುವಾಗುತ್ತವೆ, ಅದನ್ನು ದಾಟಿದವರನ್ನು ಮೂರನೆಯ ಪುಸ್ತಕವಾದ ಯಾಜಕಕಾಂಡದ ಹೋಮ ನೈವೇದ್ಯಗಳ ವಿಧಿಗಳು ನಿಲ್ಲಿಸುತ್ತವೆ. ಬೈಬಲನ್ನು ಪುಟದ ಕ್ರಮದಲ್ಲಿ ಓದಬೇಕೆಂಬ ಕಟ್ಟಳೆ ಯಾವ ಸಭೆಯಲ್ಲಿಯೂ (ಅಂದರೆ ಚರ್ಚಿನಲ್ಲಿಯೂ) ಇಲ್ಲ. ಕಥೆಯಿಂದ ವಿಧಿಯ ಕಡೆಗೆ, ಯೇಸುವಿನಿಂದ ಮೋಶೆಯ ಕಡೆಗೆ ಹಿಂದಕ್ಕೆ ಓದಿದರೆ ಅದೇ ಅಳತೆಗಳಿಗೂ ವಿಧಿಗಳಿಗೂ ಅರ್ಥ ಬರುತ್ತದೆ. ಕೆಳಗಿನ ಹಂತಗಳು ಆ ಕ್ರಮದಲ್ಲಿವೆ. ಕುತೂಹಲಕ್ಕಾಗಿ ಓದುವವರಿಗೂ, ವಿಶ್ವಾಸದ ಕಡೆಗೆ ಹೆಜ್ಜೆಯಿಡುತ್ತಿರುವವರಿಗೂ, ಅಂಥವರ ಪಕ್ಕದಲ್ಲಿ ಕುಳಿತು ಓದಿಸುವವರಿಗೂ ಇವು ಒಂದೇ.

1. ಪ್ರತಿಯನ್ನು ಆರಿಸುವುದು

ಕನ್ನಡದಲ್ಲಿ ಒಂದಲ್ಲ, ಹಲವು ಅನುವಾದಗಳಿವೆ. ಬೈಬಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸುವ ‘ಸತ್ಯವೇದ’ ಬಹುಪಾಲು ಪ್ರೊಟೆಸ್ಟಂಟ್ ಮನೆಗಳಲ್ಲಿರುವ ಹಳೆಯ ಅನುವಾದ. ಅದರ ಗುರುತು ಜೆ.ವಿ. ಅದೇ ಸಂಸ್ಥೆಯ ಇನ್ನೊಂದು ಅನುವಾದ ಸಿ.ಎಲ್. ಎಂಬ ಗುರುತಿನದು, ಭಾಷೆ ಹೆಚ್ಚು ತಿಳಿ. ಇವಲ್ಲದೆ ಆಡುಮಾತಿಗೆ ಹತ್ತಿರವಾದ ‘ಪರಿಶುದ್ಧ ಬೈಬಲ್’, ಸಮಕಾಲಿಕ ಅನುವಾದ ಎಂಬ ಹೆಸರಿನದು, ಹೀಗೆ ಇನ್ನೂ ಕೆಲವು ಸಿಗುತ್ತವೆ. ಮೊಬೈಲಿನಲ್ಲಿ ಯೂವರ್ಷನ್ ಆ್ಯಪ್‌ನಲ್ಲಿ ಇವುಗಳಲ್ಲಿ ಹಲವನ್ನು ಉಚಿತವಾಗಿ ತೆರೆದು ನೋಡಬಹುದು.

ಯಾವುದು ಒಳ್ಳೆಯದೆಂದು ಬೇರೆಯವರನ್ನು ಕೇಳುವ ಬದಲು ಒಂದು ಪರೀಕ್ಷೆ ಮಾಡಿ. ಯೇಸುವಿನ ಕಥೆ ಹೇಳುವ ನಾಲ್ಕು ಪುಸ್ತಕಗಳಲ್ಲಿ, ಅಂದರೆ ಸುವಾರ್ತೆಗಳಲ್ಲಿ, ಒಂದಾದ ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ಎರಡು ಮೂರು ಅನುವಾದಗಳಲ್ಲಿ ಗಟ್ಟಿಯಾಗಿ ಓದಿ, ಎಲ್ಲಿ ನಾಲಗೆ ಕಡಿಮೆ ತಡವರಿಸುತ್ತದೋ ಅದನ್ನು ಕೊಳ್ಳಿ. ಹಳೆಯ ಅನುವಾದದ ಗಾಂಭೀರ್ಯ ನನಗೆ ಇಷ್ಟವೇ. ಆದರೆ ಮೊದಲ ಓದಿಗೆ ಅದನ್ನು ಶಿಫಾರಸು ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಅದು ಎರಡನೆಯ ಪ್ರತಿಯಾಗಿ ಪಕ್ಕದಲ್ಲಿರಲಿ.

ಎರಡು ಎಚ್ಚರಿಕೆಗಳು. ಉಚಿತವಾಗಿ ಹಂಚುವ ಅಂಗೈಯಗಲದ ಪ್ರತಿಗಳಲ್ಲಿ ಸಾಮಾನ್ಯವಾಗಿ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಮಾತ್ರ ಇರುತ್ತದೆ, ಕೆಲವದರಲ್ಲಿ ಕೀರ್ತನೆಗಳು ಸೇರಿರುತ್ತವೆ; ಅದನ್ನೇ ಇಡೀ ಬೈಬಲೆಂದು ತಿಳಿದು ಆದಿಕಾಂಡವನ್ನು ಹುಡುಕಿ ಕಂಗೆಟ್ಟವರಿದ್ದಾರೆ. ಇನ್ನೊಂದು, ಯಾರು ಅನುವಾದಿಸಿದ್ದು, ಯಾರು ಪ್ರಕಟಿಸಿದ್ದು ಎಂಬುದನ್ನು ಒಳಪುಟದಲ್ಲಿ ನೋಡಿಕೊಳ್ಳಿ. ಉದಾಹರಣೆಗೆ, ಯೆಹೋವನ ಸಾಕ್ಷಿಗಳು ಎಂಬ ಪಂಗಡದ ‘ಹೊಸ ಲೋಕ ಭಾಷಾಂತರ’ ಯೇಸುವಿನ ದೈವತ್ವದ ವಿಷಯದಲ್ಲಿ ಉಳಿದ ಸಭೆಗಳ ಅನುವಾದಗಳಿಗಿಂತ ಭಿನ್ನವಾದ ನಿಲುವಿನಿಂದ ಹೊರಟದ್ದು. ಯಾವುದನ್ನು ಓದುತ್ತಿದ್ದೇನೆಂದು ತಿಳಿದೇ ಓದುವುದು ನ್ಯಾಯ.

ಪುಸ್ತಕದ ಜೊತೆಗೆ ಬೇಕಾದ ಸಲಕರಣೆ ಸ್ವಲ್ಪವೇ: ಒಂದು ನೋಟುಬುಕ್ಕು, ಪೆನ್ಸಿಲು (ಬೈಬಲಿನ ತೆಳು ಹಾಳೆಯಲ್ಲಿ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ), ಹಿಂಬದಿಯ ನಕಾಶೆಗಳು, ದಿನಕ್ಕೆ ಇಪ್ಪತ್ತು ನಿಮಿಷ, ಮತ್ತು “ಗೊತ್ತಿಲ್ಲ” ಎಂದು ಒಪ್ಪಿಕೊಳ್ಳಬಲ್ಲ ಒಬ್ಬ ಹಿರಿಯ ಓದುಗ. ಕೊನೆಯದು ಸಿಗುವುದೇ ಕಷ್ಟ.

2. ಪುಸ್ತಕದೊಳಗೆ ದಾರಿ ಹುಡುಕುವುದು

ಬೈಬಲ್ ಎಂಬುದು ಒಂದೇ ಪುಸ್ತಕವಲ್ಲ, ಒಂದೇ ರಟ್ಟಿನೊಳಗಿನ ಪುಸ್ತಕದ ಕಪಾಟು. ಪ್ರೊಟೆಸ್ಟಂಟ್ ಪ್ರತಿಯಲ್ಲಿ 66 ಪುಸ್ತಕಗಳು: ಹಳೆಯ ಒಡಂಬಡಿಕೆಯಲ್ಲಿ 39, ಹೊಸತರಲ್ಲಿ 27. ಕಥೋಲಿಕರ ಪ್ರತಿಯಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರ ಪುಸ್ತಕಗಳು ಮುಂತಾದ ಏಳು ಹಳೆಯ ಒಡಂಬಡಿಕೆಯಲ್ಲಿ ಹೆಚ್ಚು. ಹೊಸ ಒಡಂಬಡಿಕೆ ಇಬ್ಬರಿಗೂ ಒಂದೇ. ಕಪಾಟಿನಲ್ಲಿ ಕಾವ್ಯ, ವಂಶಾವಳಿ, ಕಾನೂನು, ಪ್ರೇಮಗೀತೆ, ಪತ್ರ, ಗಾದೆ ಎಲ್ಲವೂ ಇವೆ. ಕಾನೂನಿನ ಪುಸ್ತಕವನ್ನು ಕಾದಂಬರಿಯಂತೆ ಓದಲಾಗದು, ಪತ್ರವನ್ನು ಗಾದೆಯಂತೆ ಒಡೆಯಲಾಗದು.

‘ಯೋಹಾನ 3:16’ ಎಂದರೆ ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ಹದಿನಾರನೆಯ ವಚನ. ‘1 ಯೋಹಾನ 3:16’ ಎಂದರೆ ಬೇರೆಯದೇ ಪುಸ್ತಕ, ಬೈಬಲಿನ ಕೊನೆಯ ಕಡೆಗೆ, ಪತ್ರಗಳ ಸಾಲಿನಲ್ಲಿದೆ. ಹೆಸರಿಗೆ ಮೊದಲು ಬರುವ ಅಂಕಿಯನ್ನು ಗಮನಿಸದೆ ತಪ್ಪು ಪುಟ ತೆರೆಯುವುದು ಹೊಸಬರ ಮೊದಲ ಎಡವು. ಹೆಸರುಗಳೂ ಹಾಗೆಯೇ. ಸ್ನಾನಿಕನಾದ ಯೋಹಾನನೇ ಬೇರೆ, ಶಿಷ್ಯ ಯೋಹಾನನೇ ಬೇರೆ. ಮರಿಯಳೆಂಬ ಹೆಸರಿನವರು ಹಲವರು. ಹಳೆಯ ಒಡಂಬಡಿಕೆಯ ಸೌಲ ಅರಸ, ಹೊಸತರ ಸೌಲನೇ ಪೌಲ. ನೋಟುಬುಕ್ಕಿನ ಕೊನೆಯ ಪುಟದಲ್ಲಿ ಹೆಸರಿನ ಪಟ್ಟಿಯೊಂದನ್ನು ಬೆಳೆಸುತ್ತ ಹೋಗಿ.

ಅಧ್ಯಾಯಗಳ ಅಂಕಿಗಳು ಮಧ್ಯಯುಗದಲ್ಲಿ ಸೇರಿದವು, ವಚನಗಳ ಅಂಕಿಗಳು ಅದಕ್ಕೂ ಈಚಿನವು. ದಪ್ಪಕ್ಷರದ ಉಪಶೀರ್ಷಿಕೆಗಳು ಪ್ರಕಾಶಕರವು. ಇವು ಮೂಲದ ಭಾಗವಲ್ಲ. ಲೂಕ 15ರ ಮೂರನೆಯ ಸಾಮ್ಯಕ್ಕೆ (ಯೇಸು ಹೇಳಿದ ದೃಷ್ಟಾಂತ ಕಥೆಗೆ) ‘ದುಂದುಗಾರ ಮಗ’ ಎಂಬ ತಲೆಬರಹ ಕಂಡೊಡನೆ ಓದುಗರು ಕಿರಿಯ ಮಗ ಮನೆಗೆ ಮರಳಿದಲ್ಲಿಗೇ ಕಥೆ ಮುಗಿಯಿತೆಂದು ಭಾವಿಸುತ್ತಾರೆ. ಕಥೆ ಮುಗಿಯುವುದು ಅಂಗಳದಲ್ಲಿ ಮುನಿಸಿಕೊಂಡು ನಿಂತ ಹಿರಿಯ ಮಗನ ಬಳಿ, ಅವನು ಒಳಗೆ ಹೋದನೋ ಇಲ್ಲವೋ ಎಂದು ಹೇಳದೆ. ಆ ಅಧ್ಯಾಯದ ಎರಡನೆಯ ವಚನವನ್ನು ನೋಡಿದರೆ, ಕಥೆ ಕೇಳುತ್ತಿದ್ದವರು ಗೊಣಗುತ್ತಿದ್ದ ಹಿರಿಯ ಮಗನಂಥವರೇ.

3. ಮಾರ್ಕನಿಂದ ಆರಂಭ

ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಮಾರ್ಕನದು, 16 ಅಧ್ಯಾಯ. ಮತ್ತಾಯನು ವಂಶಾವಳಿಯಿಂದ ಆರಂಭಿಸುತ್ತಾನೆ, ಯೋಹಾನನು ತತ್ತ್ವದಿಂದ. ಮಾರ್ಕನು ಮಾತ್ರ ನೇರವಾಗಿ ಘಟನೆಗೆ ಇಳಿಯುತ್ತಾನೆ, “ಕೂಡಲೇ” ಎಂಬ ಪದವನ್ನು ಬಿಡದೆ ಬಳಸುತ್ತ ಓಡುತ್ತಾನೆ. ಮೊದಲು ಒಂದು ರಜಾದಿನ ಎರಡು ಗಂಟೆ ಬಿಡುವು ಮಾಡಿಕೊಂಡು ಇಡೀ ಪುಸ್ತಕವನ್ನು ಒಂದೇ ಕೂರುವಿಕೆಯಲ್ಲಿ ಓದಿ ಮುಗಿಸಿ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಸಾಗಿ, ನಿಲ್ಲಬೇಡಿ. ಕೊನೆಗೆ 16:8ರ ಬಳಿಕದ ಭಾಗಕ್ಕೆ ಹಲವು ಪ್ರತಿಗಳಲ್ಲಿ ಆವರಣ ಅಥವಾ ಅಡಿಟಿಪ್ಪಣಿ ಕಾಣುತ್ತದೆ. ಅತ್ಯಂತ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಆ ವಚನಗಳಿಲ್ಲ ಎಂಬುದನ್ನು ಅದು ತಿಳಿಸುತ್ತದೆ. ಇದನ್ನು ಮರೆಮಾಡದೆ ಹೇಳುವ ಪ್ರತಿ ನಂಬಿಕೆಗೆ ಅರ್ಹವಾದದ್ದು.

ಎರಡನೆಯ ಓದು ನಿಧಾನವಾಗಿರಲಿ, ದಿನಕ್ಕೆ ಅರ್ಧ ಅಧ್ಯಾಯ ಸಾಕು. ಪ್ರತಿ ಘಟನೆಗೂ ನೋಟುಬುಕ್ಕಿನಲ್ಲಿ ಬರೆಯಬೇಕಾದದ್ದು ಇಷ್ಟು: ಯಾರು ಬಂದರು, ಏನು ಕೇಳಿದರು, ಯೇಸು ಏನು ಮಾಡಿದನು, ನೋಡಿದವರು ಏನೆಂದರು. “ಇದರಿಂದ ನನಗೇನು ಪಾಠ?” ಎಂಬ ಪ್ರಶ್ನೆಯನ್ನು ಈ ಹಂತದಲ್ಲಿ ಬೇಕೆಂದೇ ದೂರವಿಡಿ. ಪಾಠಕ್ಕೆ ಅವಸರಪಟ್ಟವರು ಕಥೆಯನ್ನು ನೋಡುವುದೇ ಇಲ್ಲ.

ಮಾದರಿಗೆ 5ನೆಯ ಅಧ್ಯಾಯದ 21ರಿಂದ 43ನೆಯ ವಚನಗಳನ್ನು ತೆಗೆದುಕೊಳ್ಳಿ. ಸಭಾಮಂದಿರದ ಅಧಿಕಾರಿ ಯಾಯೀರನು ಕಾಲಿಗೆ ಬಿದ್ದು, ಸಾಯುತ್ತಿರುವ ಮಗಳನ್ನು ಉಳಿಸೆಂದು ಬೇಡುತ್ತಾನೆ. ಯೇಸು ಹೊರಡುತ್ತಾನೆ. ದಾರಿಯಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ, ವೈದ್ಯರಿಗೆ ಎಲ್ಲವನ್ನೂ ಸುರಿದು ಇನ್ನಷ್ಟು ಕೆಟ್ಟಿದ್ದ ಹೆಂಗಸೊಬ್ಬಳು ಜನರ ನಡುವೆ ಹಿಂದಿನಿಂದ ಬಂದು ಅವನ ಉಡುಪನ್ನು ಮುಟ್ಟುತ್ತಾಳೆ. ಅವನು ನಿಂತು, ಮುಟ್ಟಿದವರು ಯಾರೆಂದು ಕೇಳುತ್ತಾನೆ. ಇಷ್ಟು ಗುಂಪಿನಲ್ಲಿ ಮುಟ್ಟಿದವರು ಯಾರೆಂದು ಕೇಳುವುದೇ ಎಂದು ಶಿಷ್ಯರಿಗೆ ಆಶ್ಚರ್ಯ.

ಈಗ, ಇಲ್ಲಿಂದ, ಯಾಜಕಕಾಂಡ 15:25ರಿಂದ 27ರವರೆಗೆ ತೆರೆದು ಓದಿ. ಅಂಥ ಸ್ರಾವವಿರುವವಳು ಅಶುದ್ಧಳು, ಅವಳು ಮಲಗಿದ್ದು ಕುಳಿತದ್ದೆಲ್ಲ ಅಶುದ್ಧ, ಅವನ್ನು ಮುಟ್ಟಿದವನೂ ಸಂಜೆಯವರೆಗೆ ಅಶುದ್ಧ. ಇಂಗ್ಲಿಷಿನಲ್ಲಿ ಓದುವವರಿಗೆ ಇದನ್ನು ಟಿಪ್ಪಣಿ ಬರೆದು ವಿವರಿಸಬೇಕಾಗುತ್ತದೆ. ಕನ್ನಡದಲ್ಲಿ ‘ಮುಟ್ಟು’ ಎಂಬ ಒಂದೇ ಪದದಲ್ಲಿ ಸ್ಪರ್ಶವೂ ಇದೆ, ಮನೆಯ ಹೊರಗೆ ಕುಳಿತ ಆ ಮೂರು ದಿನಗಳೂ ಇವೆ. ಹನ್ನೆರಡು ವರ್ಷ ಯಾರನ್ನೂ ಮುಟ್ಟದೆ ಬದುಕಿದ ಹೆಂಗಸು ಗುಂಪಿನೊಳಗೆ ನುಗ್ಗಿ ಬೋಧಕನೊಬ್ಬನನ್ನು ಮುಟ್ಟಿದ್ದಾಳೆ, ಸಿಕ್ಕಿಬಿದ್ದು ನಡುಗುತ್ತಿದ್ದಾಳೆ. ಅವನು ಅವಳನ್ನು ಮಗಳೇ ಎಂದು ಕರೆಯುತ್ತಾನೆ. ಅಷ್ಟರಲ್ಲಿ ಯಾಯೀರನ ಮಗಳು ಸತ್ತ ಸುದ್ದಿ ಬರುತ್ತದೆ. ಶವವನ್ನು ಮುಟ್ಟಿದವನಿಗೆ ಏಳು ದಿನ ಸೂತಕ ಎನ್ನುತ್ತದೆ ಅರಣ್ಯಕಾಂಡ 19:11. ಯೇಸು ಆ ಹುಡುಗಿಯ ಕೈ ಹಿಡಿದು “ತಲಿಥಾ ಕೂಮ್” (ಹುಡುಗಿಯೇ, ಎದ್ದೇಳು) ಎನ್ನುತ್ತಾನೆ. ಅವನಾಡುತ್ತಿದ್ದ ಅರಾಮಿಕ್ ನುಡಿಯನ್ನು ಮಾರ್ಕನು ಹಾಗೆಯೇ ಉಳಿಸಿಕೊಂಡು ಅರ್ಥವನ್ನೂ ಹೇಳುತ್ತಾನೆ. ಹುಡುಗಿಗೆ ಹನ್ನೆರಡು ವರ್ಷ. ಆಮೇಲೆ ಅವಳಿಗೆ ಊಟ ಕೊಡಿ ಎನ್ನುತ್ತಾನೆ.

ಹೀಗೆ ಓದಿದವರು ಯಾಜಕಕಾಂಡವನ್ನು ಬೇಸರದ ಪುಸ್ತಕವೆಂದು ಇನ್ನೊಮ್ಮೆ ಹೇಳಿದ್ದನ್ನು ನಾನು ಕೇಳಿಲ್ಲ. ವಿಧಿಯ ಮೂರು ವಚನ, ಕಥೆಗೆ ಬೇಕಾದಾಗ. ಹಿಂದಕ್ಕೆ ಓದುವುದೆಂದರೆ ಇದೇ.

4. ಲೂಕ, ಅದರ ಮುಂದುವರಿಕೆಯಾಗಿ ಅಪೊಸ್ತಲರ ಕೃತ್ಯಗಳು

ಲೂಕ ಯೇಸುವಿನ ಕಥೆ, ಕೃತ್ಯಗಳು ಅವನು ಕಳುಹಿಸಿದ ಶಿಷ್ಯರ, ಅಂದರೆ ಅಪೊಸ್ತಲರ, ಕಥೆ. ಈ ಎರಡು ಪುಸ್ತಕಗಳೂ ಥೆಯೊಫಿಲನೆಂಬವನನ್ನು ಸಂಬೋಧಿಸಿ ಬರೆದವು. ಒಂದರ ಎರಡು ಸಂಪುಟಗಳೆಂದೇ ತಿಳಿಯಿರಿ. ನಡುವೆ ಯೋಹಾನನ ಸುವಾರ್ತೆ ಸೇರಿಕೊಂಡಿರುವುದರಿಂದ ಓಟ ತುಂಡಾಗುತ್ತದೆ, ಅದನ್ನು ದಾಟಿ ಹೋಗಿ. ಲೂಕ 24, ಅಪೊಸ್ತಲರ ಕೃತ್ಯಗಳು 28: ದಿನಕ್ಕೆ ಎರಡು ಅಧ್ಯಾಯವಾದರೆ 26 ದಿನ. ಕೃತ್ಯಗಳ 13ನೆಯ ಅಧ್ಯಾಯದಿಂದ, ಯೇಸುವಿನ ಸುವಾರ್ತೆ ಸಾರುತ್ತ ಊರೂರು ತಿರುಗಿದ ಪೌಲನ ಪ್ರಯಾಣಗಳು ಬರುತ್ತವೆ, ಅಲ್ಲಿ ನಕಾಶೆಯ ಮೇಲೆ ಬೆರಳಿಟ್ಟುಕೊಂಡೇ ಓದಿ. ಮುಂದೆ ಫಿಲಿಪ್ಪಿ, ಕೊರಿಂಥ, ಎಫೆಸ ಎಂದು ಪತ್ರಗಳ ಶೀರ್ಷಿಕೆಯಲ್ಲಿ ಕಾಣುವ ಊರುಗಳು ಇವೇ.

5. ಹಳೆಯ ಒಡಂಬಡಿಕೆಗೆ ಮರಳುವುದು

ಇಲ್ಲಿ ಆಯ್ದು ಓದಬೇಕು. ನಾನು ಕೊಡುವ ಪಟ್ಟಿ: ಆದಿಕಾಂಡ 1ರಿಂದ 4, 6ರಿಂದ 9, 12ರಿಂದ 22, 37ರಿಂದ 50, ವಿಮೋಚನಕಾಂಡ 1ರಿಂದ 20, 32ರಿಂದ 34, ರೂತಳು ಪೂರ್ತಿ, 1 ಸಮುವೇಲ 16ರಿಂದ 20, 2 ಸಮುವೇಲ 11 ಮತ್ತು 12, 1 ಅರಸುಗಳು 17ರಿಂದ 19, ಯೋನ ಪೂರ್ತಿ, ಯೆಶಾಯ 52 ಮತ್ತು 53. ಒಟ್ಟು 76 ಅಧ್ಯಾಯ. ಜೊತೆಗೆ ದಿನಕ್ಕೊಂದು ಕೀರ್ತನೆ. 150 ಇವೆ, ಚಿಕ್ಕವುಗಳಿಂದ ಆರಂಭಿಸಿ. ವಿಮೋಚನಕಾಂಡದ ನಡುವೆ ಬಿಟ್ಟದ್ದು ಕಟ್ಟಳೆಗಳನ್ನೂ ಆ ಪರದೆಗಳ ಅಧ್ಯಾಯಗಳನ್ನೂ. ಎರಡನೆಯ ವರ್ಷ ಓದಿ. ಹೂವಿನವಳು ಮೊಳ ಹಾಕುವುದನ್ನು ನೋಡಿದವರಿಗೆ 28 ಮೊಳ ಎಂದರೆಷ್ಟೆಂದು ಆಗ ಕಣ್ಣಿಗೆ ಕಟ್ಟುತ್ತದೆ.

ಈ ಹಂತದ ದೊಡ್ಡ ತೊಡಕು ಹಿಂಸೆ ಮತ್ತು ಅನ್ಯಾಯದ ಕಥೆಗಳು. ಬೈಬಲಿನಲ್ಲಿ ಹೇಳಿದ್ದೆಲ್ಲವೂ ಬೈಬಲ್ ಒಪ್ಪಿದ್ದಲ್ಲ. ಅರಸನಾದ ದಾವೀದನು ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡು, ಅವನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ಕಥೆ 2 ಸಮುವೇಲ 11ರಲ್ಲಿದೆ. 12ರಲ್ಲಿ ಪ್ರವಾದಿ ನಾತಾನನು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿ ಅರಸನ ಬಾಯಿಂದಲೇ ತೀರ್ಪು ಹೊರಡಿಸುತ್ತಾನೆ. ಎರಡನ್ನೂ ಒಟ್ಟಿಗೆ ಓದಿ, 11ಕ್ಕೇ ಮುಚ್ಚಿಡಬೇಡಿ. ಮೋಶೆಯ ಬಳಿಕ ಇಸ್ರಾಯೇಲ್ಯರನ್ನು ನಡೆಸಿದ ಯೆಹೋಶುವನ ಯುದ್ಧಗಳ ಬಗ್ಗೆ ಅಷ್ಟು ಸುಲಭದ ಉತ್ತರವಿಲ್ಲ, ಇದೆಯೆಂದು ಹೇಳುವವರನ್ನು ಅನುಮಾನಿಸಿ. ಕ್ರೈಸ್ತ ವಿದ್ವಾಂಸರೇ ಅವುಗಳ ಬಗ್ಗೆ ಇಂದಿಗೂ ವಾದಿಸುತ್ತಿದ್ದಾರೆ.

6. ಪದಗಳನ್ನು ಬಿಡಿಸಿಕೊಳ್ಳುವುದು

ಕನ್ನಡ ಓದುಗರು ನಿಜವಾಗಿ ಎಡವುವುದು ಕಷ್ಟದ ಪದಗಳಲ್ಲಿ ಅಲ್ಲ, ಪರಿಚಿತ ಪದಗಳಲ್ಲಿ. ಅನುವಾದಕರು ನಮ್ಮ ಮನೆಯ ಪದಗಳನ್ನೇ ಎತ್ತಿಕೊಂಡು ಬೇರೆ ಅರ್ಥ ತುಂಬಿದ್ದಾರೆ. ಹಳೆಯ ಅರ್ಥವನ್ನೇ ಹಿಡಿದು ಓದಿದರೆ ವಾಕ್ಯ ಸುಲಭವಾಗಿ ಅರ್ಥವಾದಂತೆ ತೋರುತ್ತದೆ, ಆದರೆ ತಪ್ಪಾಗಿ.

‘ಧರ್ಮಶಾಸ್ತ್ರ’ ಎಂದರೆ ಇಲ್ಲಿ ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಬಂದ ಕಟ್ಟಳೆಗಳು. ‘ಶಾಸ್ತ್ರಿಗಳು’ ಅದನ್ನು ನಕಲು ಮಾಡಿ ವಿವರಿಸುತ್ತಿದ್ದ ಯೆಹೂದಿ ವಿದ್ವಾಂಸರು. ಒಬ್ಬ ಹುಡುಗ ಬಹಳ ಸಂಕೋಚದಿಂದ, ಯೇಸುವಿಗೆ ನಮ್ಮ ಬೀದಿಯ ಶಾಸ್ತ್ರಿಗಳ ಮೇಲೆ ಇಷ್ಟೇಕೆ ಸಿಟ್ಟು ಎಂದು ನನ್ನನ್ನು ಕೇಳಿದ್ದ. ‘ಸುಂಕದವರು’ ರೋಮನರ ಆಳ್ವಿಕೆಯ ಕೆಳಗೆ ಸ್ವಂತ ಜನರಿಂದಲೇ ವಸೂಲಿ ಮಾಡುತ್ತಿದ್ದವರು, ಅದಕ್ಕೇ ‘ಪಾಪಿಗಳು’ ಎಂಬ ಪದದ ಪಕ್ಕದಲ್ಲಿ ಅವರ ಹೆಸರು ಬರುತ್ತದೆ. ‘ಅನ್ಯಜನರು’ ಎಂಬಲ್ಲಿ ಹಲವರಿಗೆ ನೋವಾಗುತ್ತದೆ. ಅದು ಯೆಹೂದ್ಯರಲ್ಲದ ಎಲ್ಲ ಜನಾಂಗಗಳಿಗೆ ಇರುವ ಹೆಸರು; ಆ ಲೆಕ್ಕದಲ್ಲಿ ನಮ್ಮ ಚರ್ಚುಗಳ ಮುಂದಿನ ಬೆಂಚಿನಲ್ಲಿ ಕುಳಿತವರೂ ಅನ್ಯಜನರೇ.

‘ಪಾಪ’ ನಮಗೆ ಕರ್ಮದ ಲೆಕ್ಕದ ಪದ, “ಅಯ್ಯೋ ಪಾಪ” ಎನ್ನುವಾಗ ಮರುಕದ ಪದ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪದದ ಬೇರಿನಲ್ಲಿ ಗುರಿ ತಪ್ಪುವುದೆಂಬ ಅರ್ಥವಿದೆ, ಬಳಕೆಯಲ್ಲಿ ಅದು ದೇವರೊಡನೆಯೂ ನೆರೆಯವರೊಡನೆಯೂ ಸಂಬಂಧ ಮುರಿದುಕೊಳ್ಳುವುದು. ಹಿಂದಿನ ಜನ್ಮ ಇಲ್ಲಿ ಲೆಕ್ಕಕ್ಕಿಲ್ಲ. ‘ರಕ್ಷಣೆ’ಯನ್ನು ಮೋಕ್ಷವೆಂದು, ‘ಅವತರಿಸಿದನು’ ಎಂಬುದನ್ನು ದಶಾವತಾರದ ಸಾಲಿಗೆ ಸೇರಿಸಿ ಓದುವುದೂ ಇಂಥದೇ ಎಡವು: ಕ್ರೈಸ್ತ ನಂಬಿಕೆಯಲ್ಲಿ ದೇವರು ಮನುಷ್ಯನಾದದ್ದು ಒಂದೇ ಸಲ, ಪೊಂತ್ಯ ಪಿಲಾತನೆಂಬ ರೋಮನ್ ಅಧಿಪತಿಯ ಕಾಲದಲ್ಲಿ, ಸಾವಿನವರೆಗೆ. ‘ಒಡಂಬಡಿಕೆ’ ಎಂದರೆ ಒಪ್ಪಂದ. ಪುಸ್ತಕದ ಎರಡು ಭಾಗಗಳಿಗೂ ಅದೇ ಹೆಸರು ಏಕೆಂದು ತಿಳಿಯಲು ವಿಮೋಚನಕಾಂಡ 24:8ನ್ನೂ ಮಾರ್ಕ 14:24ನ್ನೂ ಅಕ್ಕಪಕ್ಕ ಇಟ್ಟು ಓದಿ. ಎಲ್ಲ ಕಡೆಯೂ ನಷ್ಟವೇ ಎಂದಲ್ಲ. ದೇವರ ‘ಭಯ’ ಎಂಬ ಮಾತಿಗೆ ಬೇರೆ ಭಾಷೆಗಳಲ್ಲಿ ಪುಟಗಟ್ಟಲೆ ವಿವರಣೆ ಬೇಕು. ನಮಗೆ ‘ಭಯಭಕ್ತಿ’ ಎಂಬ ಜೋಡಿಪದವೇ ಸಾಕು.

ಸಭೆಯಿಂದ ಸಭೆಗೆ ಪದ ಬದಲಾಗುವುದನ್ನೂ ತಿಳಿದಿರಿ. ಪ್ರೊಟೆಸ್ಟಂಟರು ಸುವಾರ್ತೆ, ಅಪೊಸ್ತಲರು, ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ), ಕರ್ತನು ಎನ್ನುವಲ್ಲಿ ಕಥೋಲಿಕರು ಶುಭಸಂದೇಶ, ಪ್ರೇಷಿತರು, ಸ್ನಾನದೀಕ್ಷೆ, ಪ್ರಭು ಎನ್ನುತ್ತಾರೆ. ಜೆ.ವಿ.ಯಲ್ಲಿ ‘ಯೆಹೋವ’ ಎಂದಿರುವಲ್ಲಿ ಸಿ.ಎಲ್.ನಲ್ಲಿ ‘ಸರ್ವೇಶ್ವರ’ ಎಂದಿದೆ. ಬೇರೆ ದೇವರ ಮಾತಲ್ಲ, ಒಂದೇ ಹೆಸರಿನ ಎರಡು ಅನುವಾದ.

7. ಬಿಡಿ ವಚನದ ಬಲೆಗೆ ಬೀಳದಿರುವುದು

ಹೊಸ ವರ್ಷದ ರಾತ್ರಿ ವಾಗ್ದಾನದ ಕಾರ್ಡು ಎತ್ತಿಕೊಳ್ಳುವುದು, ವಚನದ ಕ್ಯಾಲೆಂಡರು ತೂಗುಹಾಕುವುದು ನಮ್ಮ ಸಭೆಗಳಲ್ಲಿ ಸಾಮಾನ್ಯ. ಹೊಸಬರು ಬೈಬಲನ್ನು ಮೊದಲು ಕಾಣುವುದೇ ಆ ಗೋಡೆಯ ಮೇಲೆ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದವು, ಕೇಡಿನವಲ್ಲ ಎಂಬರ್ಥದ ಯೆರೆಮೀಯ 29:11 ಬಹಳ ಮನೆಗಳಲ್ಲಿದೆ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರದ ಸಾಲು, ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಕೇಳಿಸಿಕೊಂಡವರಲ್ಲಿ ಬಹುಮಂದಿ ಅಲ್ಲಿಯೇ ಸಾಯುವವರಿದ್ದರು. ಇನ್ನೂ ವಿಚಿತ್ರವಾದದ್ದು ಯೋಬ 8:7. ಮೊದಲ ಸ್ಥಿತಿ ಅಲ್ಪವಾದರೂ ಕೊನೆಗೆ ವೃದ್ಧಿಯಾಗುವುದೆಂಬ ಆ ಮಾತನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಚೌಕಟ್ಟು ಹಾಕಿಸಿ ಇಟ್ಟದ್ದನ್ನು ನೋಡಿದ್ದೇನೆ. ಅದನ್ನು ಹೇಳಿದ್ದು ದೇವರಲ್ಲ, ಯೋಬನ ಗೆಳೆಯ ಬಿಲ್ದದ; ಅವನೂ ಅವನ ಜೊತೆಗಾರರೂ ಸರಿಯಾದದ್ದನ್ನು ಆಡಲಿಲ್ಲವೆಂದು ಪುಸ್ತಕದ ಕೊನೆಗೆ, 42:7ರಲ್ಲಿ, ದೇವರೇ ಸಿಟ್ಟಾಗುತ್ತಾನೆ.

ಪರಿಹಾರ ಸರಳ. ಯಾವ ವಚನವನ್ನಾದರೂ ಮನಸ್ಸಿಗೆ ತೆಗೆದುಕೊಳ್ಳುವ ಮುನ್ನ ಅದರ ಮೇಲಿನ ಹತ್ತು, ಕೆಳಗಿನ ಹತ್ತು ವಚನಗಳನ್ನು ಓದಿ, ಯಾರು ಯಾರಿಗೆ ಹೇಳುತ್ತಿದ್ದಾರೆಂದು ಬರೆದುಕೊಳ್ಳಿ. ಕಣ್ಮುಚ್ಚಿ ಪುಟ ತೆರೆದು ಬೆರಳಿಟ್ಟ ಕಡೆ ಉತ್ತರ ಹುಡುಕುವುದು ಶಕುನ ಕೇಳುವುದೇ, ಓದುವುದಲ್ಲ.

8. ನಂಬಿಕೆಯ ತಿರುಳನ್ನು ತಿಳಿಯುವುದು

ಇಷ್ಟು ಓದಿದ ಮೇಲೆ ‘ಅಪೊಸ್ತಲರ ವಿಶ್ವಾಸ ಪ್ರಮಾಣ’ವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೃಷ್ಟಿಕರ್ತನಾದ ತಂದೆ, ಕನ್ನಿಕೆಯಲ್ಲಿ ಹುಟ್ಟಿ, ಶಿಲುಬೆಗೇರಿ, ಸತ್ತು, ಮೂರನೆಯ ದಿನ ಎದ್ದ ಮಗ, ಪವಿತ್ರಾತ್ಮ, ಸಭೆ, ಪಾಪಕ್ಷಮೆ, ದೇಹದ ಪುನರುತ್ಥಾನ. ಪ್ರತಿ ಸಾಲಿನ ಎದುರು ನೀವು ಓದಿದ ಅಧ್ಯಾಯವೊಂದನ್ನು ಗುರುತಿಸಿ. ಗುರುತಿಸಲಾಗದ ಸಾಲುಗಳೇ ಮುಂದಿನ ಪ್ರಶ್ನೆಗಳು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರೆಂದರೆ ಮೂವರು ದೇವರುಗಳಲ್ಲ. ಅದನ್ನು ತ್ರಿಮೂರ್ತಿಗಳಿಗೆ ಹೋಲಿಸಿ ವಿವರಿಸುವವರು ಸಹಾಯಕ್ಕಿಂತ ಗೊಂದಲವನ್ನೇ ಹೆಚ್ಚು ಮಾಡುತ್ತಾರೆ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ, ಮರಿಯಮ್ಮನ ಸ್ಥಾನವೇನು, ಪೋಪರ ಅಧಿಕಾರವೆಷ್ಟು ಎಂಬಲ್ಲಿ ಸಭೆಗಳಿಗೆ ಭಿನ್ನಾಭಿಪ್ರಾಯವಿದೆ. ಈ ಜಗಳಗಳನ್ನು ಮೊದಲ ವರ್ಷ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

9. ಆರಾಧನೆಗೆ ಹೋಗಿ ನೋಡುವುದು

ಒಂದು ಭಾನುವಾರ ಕನ್ನಡ ಆರಾಧನೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಬಾಗಿಲಲ್ಲಿ ಚಪ್ಪಲಿಗಳಿದ್ದರೆ ನೀವೂ ಬಿಡಿ. ಎಲ್ಲರೂ ಎದ್ದಾಗ ಎದ್ದರೆ ಸಾಕು, ಬಾಯಿಪಾಠ ಬರಬೇಕಿಲ್ಲ. ಮತ್ತಾಯ 6:9ರಿಂದ ಬರುವ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯನ್ನು ಮೊದಲೇ ಓದಿಕೊಂಡಿದ್ದರೆ ಒಂದು ಕಡೆಯಾದರೂ ದನಿ ಸೇರಿಸಬಹುದು. ಕಾಣಿಕೆಯ ಚೀಲ ಬಂದಾಗ ಹಾಕಲೇಬೇಕೆಂದಿಲ್ಲ. ಕಥೋಲಿಕ ಬಲಿಪೂಜೆಯಲ್ಲಿ (ಅವರ ಆರಾಧನೆಯಲ್ಲಿ) ಪರಮಪ್ರಸಾದ, ಅಂದರೆ ಪವಿತ್ರ ರೊಟ್ಟಿ, ಸ್ವೀಕರಿಸಲು ಎದ್ದುಹೋಗಬೇಡಿ. ಅದು ದೇವಸ್ಥಾನದ ಪ್ರಸಾದದಂತೆ ಬಂದವರಿಗೆಲ್ಲ ಕೊಡುವಂಥದಲ್ಲ, ದೀಕ್ಷೆ ಪಡೆದು ಸಿದ್ಧರಾದ ಕಥೋಲಿಕರಿಗೆ ಮೀಸಲು. ಪ್ರೊಟೆಸ್ಟಂಟ್ ಸಭೆಗಳಲ್ಲಿಯೂ ಇಂಥದೇ ಸಂಸ್ಕಾರವಾದ ಕರ್ತನ ಭೋಜನಕ್ಕೆ ಮುನ್ನ ಕೇಳಿ ತಿಳಿಯಿರಿ. ಕೊಡದಿದ್ದರೆ ಅವಮಾನವೆಂದು ಭಾವಿಸಬೇಡಿ.

ಈ ಹಂತದಲ್ಲಿಯೇ ಎಚ್ಚರಿಕೆಯ ಗುರುತುಗಳನ್ನು ನೋಡಿಕೊಳ್ಳಬೇಕು. ಎರಡನೆಯ ವಾರವೇ ದೀಕ್ಷಾಸ್ನಾನಕ್ಕೆ ಅವಸರಪಡಿಸುವುದು, ಹಣ ಅಥವಾ ಕೆಲಸದ ಆಸೆ ತೋರಿಸುವುದು, ಪ್ರಾರ್ಥನೆಯಾಯಿತು, ಇನ್ನು ಔಷಧಿ ಬಿಡಿ ಎನ್ನುವುದು, ಪ್ರಶ್ನೆ ಕೇಳಿದರೆ ಸೈತಾನನ ಕೆಲಸವೆನ್ನುವುದು, ಮನೆಯವರ ಸಂಬಂಧ ಕಡಿದುಕೊಳ್ಳಲು ಹೇಳುವುದು, ಲೋಕಾಂತ್ಯದ ದಿನಾಂಕ ಹೇಳುವುದು: ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಹೊರಡಿ. ಆ ದಿನವನ್ನು ತಾನೂ ಬಲ್ಲವನಲ್ಲವೆಂದು ಮಾರ್ಕ 13:32ರಲ್ಲಿ ಯೇಸುವೇ ಹೇಳುತ್ತಾನೆ. ಜವಾಬ್ದಾರಿಯುಳ್ಳ ಸಭೆ ದೀಕ್ಷೆಗೆ ಮುನ್ನ ಉಪದೇಶ ಕೊಡುತ್ತದೆ, ಕಾಯುತ್ತದೆ, ಬೇಡವೆನ್ನುವ ಸ್ವಾತಂತ್ರ್ಯವನ್ನೂ ಉಳಿಸುತ್ತದೆ. ಓದುವುದರಿಂದಷ್ಟೇ ಯಾರೂ ಕ್ರೈಸ್ತರಾಗುವುದಿಲ್ಲ. ಆ ನಿರ್ಧಾರ ಬೇರೆಯದು, ಓದುವವರದೇ.

10. ಪತ್ರಗಳು, ಎಲ್ಲಕ್ಕೂ ಕೊನೆಗೆ ಪ್ರಕಟನೆ

ಪತ್ರಗಳಲ್ಲಿ ಮೊದಲು ಫಿಲೆಮೋನನಿಗೆ ಬರೆದದ್ದನ್ನು ಓದಿ. ಇಪ್ಪತ್ತೈದೇ ವಚನ, ಒನೇಸಿಮನೆಂಬ ದಾಸನನ್ನು ಸಹೋದರನಂತೆ ಸ್ವೀಕರಿಸೆಂದು ಪೌಲನು ಅವನ ಯಜಮಾನನಿಗೆ ಸೆರೆಯಿಂದ ಬರೆದದ್ದು; ಇವು ನಿಜವಾಗಿಯೂ ಒಬ್ಬರು ಇನ್ನೊಬ್ಬರಿಗೆ ಬರೆದ ಕಾಗದಗಳೆಂಬುದು ಅಲ್ಲಿ ಮನದಟ್ಟಾಗುತ್ತದೆ. ಆಮೇಲೆ ಫಿಲಿಪ್ಪಿ, ಯಾಕೋಬ, ಅನಂತರ ಯೋಹಾನನ ಸುವಾರ್ತೆ, ಅದಾದ ಮೇಲೆ ರೋಮಾಪುರದವರಿಗೆ ಬರೆದ ಪತ್ರ. ರೋಮಾಪುರದ 9ರಿಂದ 11 ಕಷ್ಟ. ಹಿರಿಯ ಓದುಗನ ಜೊತೆ ಕುಳಿತು ಓದಿ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಮೊದಲೇ ತೆರೆದು ಅದರ ದರ್ಶನಗಳಲ್ಲಿ ಬರುವ ಮೃಗಗಳನ್ನೂ ಅಂಕಿಗಳನ್ನೂ ಇಂದಿನ ಪತ್ರಿಕೆಯ ಸುದ್ದಿಗೆ ಹೊಂದಿಸಲು ಹೊರಟವರು ಬೈಬಲಿನ ಉಳಿದ ಭಾಗಕ್ಕೆ ಮರಳುವುದು ಅಪರೂಪ. ದಾನಿಯೇಲ 7ನ್ನು ಓದಿದ ಮೇಲೆ ಅದಕ್ಕೆ ಕೈಹಾಕಿ, ಏಕೆಂದರೆ ಆ ಮೃಗಗಳು ಮೊದಲು ಕಾಣಿಸಿಕೊಂಡದ್ದು ಅಲ್ಲಿ. ಆರಂಭದ ಮೂರು ಅಧ್ಯಾಯಗಳನ್ನು ಓದಿ ಒಂದು ವಾರ ನಿಲ್ಲಿಸಿ, ಇಂದಿನ ಟರ್ಕಿಯಲ್ಲಿದ್ದ ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ ಎಂಬ ಏಳು ಊರುಗಳನ್ನು ನಕಾಶೆಯಲ್ಲಿ ಗುರುತಿಸಿ. ಉಳಿದ 19 ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ, ಸಾಧ್ಯವಾದರೆ ಇನ್ನೊಬ್ಬರಿಗೆ ಕೇಳಿಸುವಂತೆ: ಓದಿ ಹೇಳುವವನನ್ನೂ ಕೇಳುವವರನ್ನೂ ಬೇರೆ ಬೇರೆಯಾಗಿ ಹೆಸರಿಸಿ ಹರಸುತ್ತದೆ ಆ ಪುಸ್ತಕದ ಮೂರನೆಯ ವಚನ.